ಗೃಹಾರೋಗ್ಯ: ಕರುಳಿನ ಹಾದಿ ಬದಲಾದ ಮೇಲೆ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳು ಸಹ ಬಲ್ಲರು. ಹಿತವಾದುದನ್ನು ಮಿತವಾಗಿ ಉಂಡರೆ ಮಿಕ್ಕ ಕೆಲಸವನ್ನು ಜಠರವೂ ಕರುಳೂ ತಾವಾಗಿಯೇ ನೋಡಿಕೊಳ್ಳುತ್ತವೆ ಎಂಬ ನಂಬಿಕೆಯು ಈ ಗಾದೆಯ ಹಿಂದೆ ಇದೆ. ಸಾಮಾನ್ಯರ ಮಟ್ಟಿಗೆ ಅದು ನಿಜವೇ ಸರಿ. ಆದರೆ ಕರುಳಿನ ಹಾದಿಯನ್ನೇ ಬದಲಾಯಿಸಿಕೊಂಡವರು ಈಗ ನಮ್ಮ ಊರುಗಳಲ್ಲಿಯೂ ಇದ್ದಾರೆ. ಅತಿಸ್ಥೂಲತೆಯಿಂದ ನರಳಿ, ಅದರ ಬೆನ್ನಿಗೆ ಬರುವ ಸಕ್ಕರೆಯ ರೋಗ, ರಕ್ತದೊತ್ತಡ, ಕೀಲುನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು ಮೊದಲಾದುವುಗಳಿಂದ ಬಳಲಿ, ವೈದ್ಯರ ಸಲಹೆಯಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇವರು. ಇವರು ಊಟವನ್ನು ಬಲ್ಲವರಾದರೆ ಸಾಲದು. ಉಂಡುದರಲ್ಲಿ ಯಾವುದು ಮೈಗೆ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂಬುದನ್ನೂ ಬಲ್ಲವರಾಗಬೇಕು.

ಇಂಥ ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ವಿಚಾರವನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ಅದು ವೈದ್ಯರೂ ರೋಗಿಯೂ ಕೂಡಿ ನಿಶ್ಚಯಿಸಬೇಕಾದ ವಿಷಯ. ಆಸ್ಪತ್ರೆಯಿಂದ ಮನೆಗೆ ಬಂದ ತರುವಾಯ ಆ ಮನೆಯ ಅಡಿಗೆ, ಊಟ, ಔಷಧಿಗಳು ಯಾವ ಕ್ರಮದಲ್ಲಿರಬೇಕೆಂಬುದೇ ಈ ತಿಂಗಳ ನಮ್ಮ ವಿಷಯ. ಶಸ್ತ್ರಚಿಕಿತ್ಸೆಯು ಕೆಲವು ಗಂಟೆಗಳ ಕೆಲಸ. ಅದರ ಪಾಲನೆಯಾದರೋ ಬಾಳಿನುದ್ದಕ್ಕೂ ನಡೆಯಬೇಕಾದುದು. ಅದನ್ನು ನಡೆಸುವ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುತ್ತದೆ.

ಮಾರ್ಪಾಡು ಎಂಥದು?

ನಾವು ಉಂಡ ಅನ್ನವು ಜಠರದಲ್ಲಿ ಅರೆದು ಸಣ್ಣ ಕರುಳಿಗೆ ಇಳಿಯುತ್ತದೆ. ಸುಮಾರು ೨೦ ಅಡಿ ಉದ್ದದ ಈ ಕರುಳಿನ ಮೊದಲ ಭಾಗವು ಹನ್ನೆರಡು ಬೆರಳಗಲದಷ್ಟು ಉದ್ದವಿರುತ್ತದೆ. ಅದಕ್ಕೆ ಡ್ಯುಯೋಡಿನಮ್ ಎಂದು ಹೆಸರು. ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಪಾಚಕರಸವೂ ಬಂದು ಅನ್ನದೊಡನೆ ಬೆರೆಯುವುದು ಇಲ್ಲಿಯೇ. ಕಬ್ಬಿಣ, ಕ್ಯಾಲ್ಸಿಯಂ ಇವುಗಳನ್ನು ಮೈ ಹೀರಿಕೊಳ್ಳುವುದು ಬಹಳ ಮಟ್ಟಿಗೆ ಈ ಮೊದಲ ಭಾಗದಲ್ಲಿ ಮತ್ತು ಅದರ ಹತ್ತಿರದಲ್ಲಿ. ಬಿ-೧೨ ಎಂಬ ಜೀವಸತ್ವವನ್ನು ಹೀರಿಕೊಳ್ಳುವುದು ಕರುಳಿನ ಕಟ್ಟಕಡೆಯ ಭಾಗ. ಅದಕ್ಕೂ ಜಠರದಲ್ಲಿ ಹುಟ್ಟುವ ಒಂದು ದ್ರವ್ಯದ ನೆರವು ಬೇಕು. ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಜಿಡ್ಡಿನಲ್ಲಿ ಮಾತ್ರ ಕರಗುವುವು. ಪಿತ್ತರಸವು ಬೆರೆತು ಜಿಡ್ಡು ಪಚನವಾದ ಹೊರತು ಅವು ಮೈಗೆ ಸೇರುವುದಿಲ್ಲ.

ಜಠರವನ್ನು ಮಾತ್ರ ಕಿರಿದು ಮಾಡುವ ಸ್ಲೀವ್ ಎಂಬ ಶಸ್ತ್ರಚಿಕಿತ್ಸೆ ಒಂದು ಬಗೆ. ಜಠರವನ್ನು ಕಿರಿದು ಮಾಡುವುದಲ್ಲದೆ ಅನ್ನವು ಕರುಳಿನ ಒಂದು ಭಾಗವನ್ನು ಬಿಟ್ಟು ಮುಂದೆ ಸಾಗುವಂತೆ ಮಾಡುವುದು ಇನ್ನೊಂದು ಬಗೆ. ಬೈಪಾಸ್, ಡ್ಯುಯೋಡಿನಲ್ ಸ್ವಿಚ್ ಮೊದಲಾದುವು ಈ ಎರಡನೆಯ ಬಗೆಗೆ ಸೇರಿದುವು. ಇವುಗಳಲ್ಲಿ ಅನ್ನವು ಒಂದು ಹಾದಿಯಿಂದಲೂ ಪಾಚಕರಸಗಳು ಮತ್ತೊಂದು ಹಾದಿಯಿಂದಲೂ ಬಂದು ಕೆಳಗೆ ಒಂದು ಕಡೆ ಕೂಡುತ್ತವೆ. ಕೂಡಿದ ಮೇಲೆ ಉಳಿಯುವ ಕರುಳಿನಲ್ಲಿ ಮಾತ್ರ ಪಚನವು ಸರಿಯಾಗಿ ನಡೆಯುತ್ತದೆ. ಡ್ಯುಯೋಡಿನಲ್ ಸ್ವಿಚ್ಚಿನಲ್ಲಿ ಈ ಕೂಡುಹಾದಿಯ ಉದ್ದವು ಸಾಮಾನ್ಯವಾಗಿ ೧೦೦ ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ೨೦ ಅಡಿಯ ಕೆಲಸವನ್ನು ಮೂರಡಿಗೆ ಸ್ವಲ್ಪ ಮೇಲ್ಪಟ್ಟ ಕರುಳು ಮಾಡಬೇಕು. ಸಾಧಾರಣ ಬೈಪಾಸಿನಲ್ಲಿ ಬಿಟ್ಟುಹೋಗುವ ಕರುಳು ಇದಕ್ಕಿಂತ ಬಹಳ ಕಡಿಮೆ. ಆದುದರಿಂದ ಕೊರತೆಯೂ ಅಷ್ಟು ತೀವ್ರವಲ್ಲ. ಆದರೂ ಡ್ಯುಯೋಡಿನಮ್ ಬಿಟ್ಟುಹೋಗುವ ಕಾರಣ ಕಬ್ಬಿಣ, ಕ್ಯಾಲ್ಸಿಯಂಗಳ ಕೊರತೆಯು ಅಲ್ಲಿಯೂ ತಪ್ಪದು.

ಈ ವಿದ್ಯೆಯು ಬೆಳೆದು ಬಂದ ಬಗೆಯೇ ನಮಗೊಂದು ಪಾಠವಾಗಿದೆ. ೧೯೫೪ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮೊದಲಾದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಹಾದಿ ಕೂಡಿಸುವ ಕ್ರಮವನ್ನು ಪ್ರಕಟಿಸಿದರು. ರೋಗಿಗಳ ಮೈಯೇನೋ ಇಳಿಯಿತು. ಆದರೆ ವರ್ಷಗಳು ಕಳೆದಂತೆ ಕೆಲವರಲ್ಲಿ ಯಕೃತ್ತು ಕೆಟ್ಟಿತು, ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿತು, ಜೀವಸತ್ವಗಳ ಕೊರತೆಯು ತಲೆದೋರಿತು. ಕಡೆಗೆ ಆ ಕ್ರಮವನ್ನೇ ಕೈಬಿಡಬೇಕಾಯಿತು. ೧೯೬೬ರಲ್ಲಿ ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಜಠರದ ಬೈಪಾಸನ್ನೂ, ೧೯೭೬ರಲ್ಲಿ ಇಟಲಿಯ ಜಿನೋವಾ ನಗರದ ನಿಕೋಲಾ ಸ್ಕೋಪಿನಾರೋ ಪಾಚಕರಸಗಳ ಹಾದಿಯನ್ನು ಬೇರ್ಪಡಿಸುವ ಕ್ರಮವನ್ನೂ, ೧೯೮೮ರಲ್ಲಿ ಓಹಾಯೋ ಪ್ರಾಂತದ ಡಗ್ಲಸ್ ಹೆಸ್ ಡ್ಯುಯೋಡಿನಲ್ ಸ್ವಿಚ್ಚನ್ನೂ ಆರಂಭಿಸಿದರು. ಈ ಕ್ರಮಗಳು ಹಿಂದಿನದಕ್ಕಿಂತ ಎಷ್ಟೋ ಕ್ಷೇಮಕರವಾದುವು. ಆದರೂ ಮೊದಲಿನವರು ಕಲಿಸಿದ ಪಾಠವು ಹಾಗೆಯೇ ಉಳಿದಿದೆ: ಮೈ ಇಳಿಯಿತೆಂಬುದು ಕೂಡಲೇ ಕಣ್ಣಿಗೆ ಕಾಣುತ್ತದೆ, ಮೈಯೊಳಗೆ ಸಾರವು ಕುಂದಿತೆಂಬುದು ವರ್ಷಗಳ ಮೇಲೆ ಕಾಣುತ್ತದೆ.

ಕಣಜ ಬರಿದಾಗುವ ಬಗೆ

ಬೆಳೆ ನಿಂತುಹೋದ ವರ್ಷವೇ ಒಕ್ಕಲಿಗನ ಮನೆಯಲ್ಲಿ ಹಸಿವು ಕಾಣಿಸುವುದಿಲ್ಲ. ಕಣಜದಲ್ಲಿ ಹಳೆಯ ಧಾನ್ಯವಿರುವ ತನಕ ಒಲೆ ಉರಿಯುತ್ತಲೇ ಇರುತ್ತದೆ. ನಮ್ಮ ದೇಹದ ವ್ಯವಹಾರವೂ ಹೀಗೆಯೇ. ಬಿ-೧೨ ಜೀವಸತ್ವವು ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಸಂಗ್ರಹವಾಗಿರುತ್ತದೆ. ಎ ಜೀವಸತ್ವದ ದಾಸ್ತಾನೂ ತಿಂಗಳುಗಟ್ಟಲೆ ಬರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ದೇಹವು ಎಲುಬಿನಿಂದಲೇ ಅದನ್ನು ತೆಗೆದು ರಕ್ತಕ್ಕೆ ಒದಗಿಸುತ್ತದೆ. ಆದುದರಿಂದ ರಕ್ತದಲ್ಲಿ ಅದರ ಪ್ರಮಾಣವು ಸರಿಯಾಗಿಯೇ ತೋರುತ್ತಿದ್ದು ಎಲುಬು ಮಾತ್ರ ಒಳಗೊಳಗೇ ಸವೆಯುತ್ತದೆ.

ಅಪಾಯವಿರುವುದು ಇಲ್ಲಿಯೇ. ಎರಡನೆಯ ವರ್ಷದ ಹೊತ್ತಿಗೆ ರೋಗಿಯು ಚೇತರಿಸಿಕೊಂಡಿರುತ್ತಾನೆ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಸಕ್ಕರೆಯ ರೋಗದ ಔಷಧಿಯೂ ಕಡಿಮೆಯಾಗಿದೆ, ಕಂಡವರೆಲ್ಲ ಹೊಗಳುತ್ತಾರೆ. ಇಷ್ಟು ಚೆನ್ನಾಗಿರುವಾಗ ದಿನಕ್ಕೆ ಇಷ್ಟೊಂದು ಗುಳಿಗೆಗಳೇಕೆಂದು ತೋರಿ ಒಂದೊಂದಾಗಿ ಬಿಟ್ಟುಬಿಡುತ್ತಾನೆ. ಬಿಟ್ಟ ತಿಂಗಳಲ್ಲಿ ಏನೂ ಆಗುವುದಿಲ್ಲ. ಆರು ತಿಂಗಳಿಗೂ ಏನೂ ಆಗದಿರಬಹುದು. ಏನೂ ಆಗಲಿಲ್ಲವೆಂಬ ಈ ಧೈರ್ಯವೇ ಅವನನ್ನು ಕೆಡಿಸುತ್ತದೆ. ಕೈಕಾಲು ಜೋಮು ಹಿಡಿದು ನಡಿಗೆ ತಪ್ಪುವಷ್ಟರಲ್ಲಿ ಬಿ-೧೨ರ ಕಣಜ ಬರಿದಾಗಿರುತ್ತದೆ. ಮುಸ್ಸಂಜೆಯಲ್ಲಿ ಹೊಸ್ತಿಲು ಕಾಣದೆ ಎಡವುವಾಗ ಎ ಜೀವಸತ್ವವು ತೀರಿರುತ್ತದೆ. ನರಗಳಿಗಾದ ಹಾನಿಯು ತಡವಾಗಿ ತಿಳಿದರೆ ಪೂರ್ತಿಯಾಗಿ ಸರಿಹೋಗುವುದೆಂಬ ಭರವಸೆಯಿಲ್ಲ. ಆದಕಾರಣ ಈ ಗುಳಿಗೆಗಳನ್ನು ರೋಗಕ್ಕೆ ತೆಗೆದುಕೊಳ್ಳುವ ಔಷಧವೆಂದು ಬಗೆಯದೆ, ಕರುಳು ತಂದುಕೊಡಲಾರದ ಅನ್ನವೆಂದೇ ಬಗೆಯಬೇಕು. ಅನ್ನವನ್ನು ಯಾರೂ ಮೈ ಸರಿಯಾಯಿತೆಂದು ಬಿಡುವುದಿಲ್ಲವಷ್ಟೆ.

ಮೊದಲ ತಿಂಗಳುಗಳು

ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ದ್ರವಾಹಾರ, ಆಮೇಲೆ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತಗಿನ ಆಹಾರ, ಕಡೆಗೆ ಸಾಧಾರಣ ಊಟ ಎಂಬ ಕ್ರಮವನ್ನು ಆಸ್ಪತ್ರೆಯವರೇ ಬರೆದುಕೊಡುತ್ತಾರೆ. ಒಂದು ಮೆಟ್ಟಿಲನ್ನು ದಾಟಿ ಮುಂದಿನದಕ್ಕೆ ಹಾರಬಾರದು. ಹೊಸದಾಗಿ ಹೊಲಿದ ಜಠರದಲ್ಲಿ ಒಂದು ಸಲಕ್ಕೆ ಹಿಡಿಯುವುದು ಕೆಲವು ಚಮಚೆಗಳಷ್ಟು ಮಾತ್ರ. ನೀರನ್ನು ಗಟಗಟನೆ ಕುಡಿಯದೆ ಗುಟುಕು ಗುಟುಕಾಗಿ ದಿನವೆಲ್ಲ ಕುಡಿಯುತ್ತಿರಬೇಕು. ಒಟ್ಟಿನಲ್ಲಿ ಒಂದೂವರೆಯಿಂದ ಎರಡು ಲೀಟರು ಆಗುವಂತೆ ನೋಡಿಕೊಂಡರೆ ಒಳ್ಳೆಯದು.

ಮನೆಯವರು ಬಹಳ ಎಚ್ಚರದಿಂದಿರಬೇಕಾದುದು ವಾಂತಿಯ ವಿಷಯದಲ್ಲಿ. ಅವಸರದಿಂದ ತಿಂದು ಒಮ್ಮೆ ವಾಂತಿಯಾದರೆ ಹೆದರಬೇಕಾದುದಿಲ್ಲ. ಆದರೆ ದಿನದಿನವೂ ವಾಂತಿಯಾಗುತ್ತಿದ್ದರೆ, ಉಂಡುದು ನಿಲ್ಲದೆ ಹೋದರೆ, ಅದನ್ನು ಸಹಿಸಿಕೊಂಡು ಕೂರಬಾರದು. ಬಿ-೧ ಅಥವಾ ಥಯಾಮಿನ್ ಎಂಬ ಜೀವಸತ್ವದ ಸಂಗ್ರಹವು ದೇಹದಲ್ಲಿ ಎರಡು ಮೂರು ವಾರಗಳಿಗೆ ಮಾತ್ರ ಸಾಲುತ್ತದೆ. ಅದು ತೀರಿದರೆ ದೃಷ್ಟಿ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿಯೂ ನೆನಪಿನಲ್ಲಿಯೂ ಗೊಂದಲವಾಗುವುದು ಇವು ಕಾಣಿಸಿಕೊಳ್ಳುತ್ತವೆ. ಇದನ್ನು ನಿಶ್ಶಕ್ತಿಯೆಂದು ತಳ್ಳಿಹಾಕಿದರೆ ಮೆದುಳಿಗೆ ಶಾಶ್ವತವಾದ ಹಾನಿಯುಂಟಾಗಬಹುದು. ಇಂಥ ರೋಗಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ನೀರನ್ನು ರಕ್ತನಾಳಕ್ಕೆ ಹರಿಸಿದರೆ ಉಳಿದ ಅಲ್ಪಸ್ವಲ್ಪ ಥಯಾಮಿನ್ ಸಹ ಖರ್ಚಾಗಿ ಸ್ಥಿತಿಯು ಇನ್ನೂ ಕೆಡಬಹುದು. ಆದುದರಿಂದ ಪರಸ್ಥಳದಲ್ಲಿ ಯಾವುದಾದರೂ ಚಿಕ್ಕ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಸೂಜಿ ಚುಚ್ಚುವ ಮೊದಲೇ ‘ಇವರಿಗೆ ಕರುಳಿನ ಬೈಪಾಸ್ ಆಗಿದೆ, ಇಷ್ಟು ದಿನದಿಂದ ವಾಂತಿಯಾಗುತ್ತಿದೆ’ ಎಂದು ಮನೆಯವರು ಸ್ಪಷ್ಟವಾಗಿ ಹೇಳಬೇಕು. ಈ ಒಂದು ಮಾತಿನಿಂದ ಒಂದು ಜೀವವು ಉಳಿಯಬಹುದು.

ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ತಲೆಗೂದಲು ಉದುರುವುದುಂಟು. ಮೈ ಬೇಗನೆ ಇಳಿದುದರ ಫಲವಾಗಿ ಬರುವ ಈ ಉದುರುವಿಕೆಯು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ವರ್ಷ ಕಳೆದ ಮೇಲೂ ನಿಲ್ಲದಿದ್ದರೆ ಪ್ರೋಟೀನು, ಕಬ್ಬಿಣ, ಸತುವು ಇವುಗಳ ಕೊರತೆಯನ್ನು ಶಂಕಿಸಬೇಕು.

ಅಡಿಗೆಯ ಮನೆಯಲ್ಲಿ

ಇನ್ನು ಗೃಹಿಣಿಯರಿಗೆ ಸಂಬಂಧಪಟ್ಟ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಊಟದಲ್ಲಿ ಅನ್ನ ಅಥವಾ ಮುದ್ದೆ ಮುಖ್ಯ. ಬೇಳೆ, ಪಲ್ಯ, ಮೊಸರು ಅದಕ್ಕೆ ಸಹಾಯಕ. ಈ ಶಸ್ತ್ರಚಿಕಿತ್ಸೆಯಾದವರ ತಟ್ಟೆಯಲ್ಲಿ ಈ ಕ್ರಮವು ತಲೆಕೆಳಗಾಗಬೇಕು. ಹೊಟ್ಟೆಯಲ್ಲಿ ಸ್ಥಳವು ಕಡಿಮೆ. ಅನ್ನದಿಂದ ಅದನ್ನು ತುಂಬಿಬಿಟ್ಟರೆ ಮೈಕಟ್ಟಿಗೆ ಬೇಕಾದ ಪ್ರೋಟೀನಿಗೆ ಎಡೆಯೆಲ್ಲಿ? ಆದುದರಿಂದ ಮೊದಲ ತುತ್ತುಗಳು ಪ್ರೋಟೀನಿನವಾಗಿರಲಿ, ಅನಂತರ ತರಕಾರಿ, ಕಡೆಗೆ ಎಡೆ ಉಳಿದರೆ ಅನ್ನ.

ದಿನಕ್ಕೆ ಕನಿಷ್ಠ ೬೦ ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಹೇಳುತ್ತಾರೆ. ಡ್ಯುಯೋಡಿನಲ್ ಸ್ವಿಚ್ ಆದವರಲ್ಲಿ ತಿಂದ ಪ್ರೋಟೀನಿನ ಒಂದು ಪಾಲು ಪಚನವಾಗದೆ ಹೊರಟುಹೋಗುವುದರಿಂದ ಅವರಿಗೆ ೯೦ ಗ್ರಾಂ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು. ಮೊಟ್ಟೆ, ಮೀನು, ಕೋಳಿಮಾಂಸ ತಿನ್ನುವವರಿಗೆ ಇದು ಅಷ್ಟು ಕಷ್ಟವಲ್ಲ. ಒಂದು ಮೊಟ್ಟೆಯಿಂದ ಸುಮಾರು ೬ ಗ್ರಾಂ ದೊರೆಯುತ್ತದೆ. ಶಾಕಾಹಾರಿಗಳ ಮನೆಯಲ್ಲಿ ಮಾತ್ರ ಲೆಕ್ಕವಿಟ್ಟೇ ನಡೆಯಬೇಕು. ೧೦೦ ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೭ ಗ್ರಾಂ ಪ್ರೋಟೀನು ಮಾತ್ರ ಇದೆ; ಅಕ್ಕಿಯಲ್ಲಿಯೂ ಹೆಚ್ಚುಕಡಮೆ ಅಷ್ಟೆ. ಅದೇ ತೂಕದ ಹೆಸರುಬೇಳೆಯಲ್ಲಿ ೨೪ ಗ್ರಾಂ, ಪನೀರಿನಲ್ಲಿ ೧೮ ಗ್ರಾಂ ಆಸುಪಾಸು, ಎಣ್ಣೆ ತೆಗೆದ ಸೋಯಾ ತುಣುಕುಗಳಲ್ಲಿ ೫೦ ಗ್ರಾಂ ಆಸುಪಾಸು ಇದೆ. ಅರ್ಧ ಲೀಟರು ಹಾಲಿನಲ್ಲಿ ೧೬ ಗ್ರಾಂ ದೊರೆಯುತ್ತದೆ. ಹೀಗೆ ಅರ್ಧ ಲೀಟರು ಕೆನೆ ತೆಗೆದ ಹಾಲು, ಒಂದು ಬಟ್ಟಲು ಮೊಸರು, ೬೦ ಗ್ರಾಂ ಬೇಳೆಯ ಗಟ್ಟಿ ತೊವ್ವೆ, ೩೦ ಗ್ರಾಂ ಸೋಯಾ, ೭೦ ಗ್ರಾಂ ಪನೀರು ಇವನ್ನು ಐದಾರು ಹೊತ್ತಿಗೆ ಹಂಚಿ ಕೊಟ್ಟರೆ ೬೦ ಗ್ರಾಂ ದಾಟುತ್ತದೆ. ಇದಕ್ಕಿಂತ ಹೆಚ್ಚು ಬೇಕಾದವರಿಗೆ ವೈದ್ಯರು ಪ್ರೋಟೀನ್ ಪುಡಿಯನ್ನು ಸೂಚಿಸುವುದುಂಟು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರನ್ನು ಬಳಸಿ ನೋಡಬಹುದು. ತಿಳಿಸಾರು ರುಚಿಗೆ ಒಳ್ಳೆಯದು, ಆದರೆ ಅದರಲ್ಲಿ ಬೇಳೆಯ ಸಾರವು ಸ್ವಲ್ಪವೇ ಎಂಬುದನ್ನು ಮರೆಯಬಾರದು.

ಪಾದಗಳು ಊದಿಕೊಳ್ಳುವುದು, ತೊಡೆ ತೋಳುಗಳ ಮಾಂಸ ಕರಗುವುದು, ಕುಳಿತಲ್ಲಿಂದ ಏಳಲು ಕೈಯೂರಬೇಕಾಗುವುದು ಇವು ಪ್ರೋಟೀನು ಸಾಲದ ಗುರುತುಗಳು. ಇಂಥ ಸಮಯದಲ್ಲಿ ತೂಕವು ಇನ್ನೂ ಇಳಿಯುತ್ತಿದೆಯೆಂದು ಹಿಗ್ಗುವುದು ಸಲ್ಲದು.

ರಾಗಿಮುದ್ದೆಯ ವಿಷಯವಾಗಿ ಒಂದು ಮಾತು. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ಹಳೇ ಮೈಸೂರಿನ ಕಡೆಯ ರೂಢಿ. ಜಠರವು ಹೆಬ್ಬೆಟ್ಟಿನಷ್ಟಾಗಿ, ಅದರ ಬಾಯಿ ಇಕ್ಕಟ್ಟಾಗಿರುವವರು ಹಾಗೆ ನುಂಗಿದರೆ ತುತ್ತು ಎದೆಯಲ್ಲಿ ನಿಂತು ಸಂಕಟವಾಗುವುದು ಖಂಡಿತ. ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುವುದರಿಂದ ಅದನ್ನು ಬಿಡಬೇಕಾದುದಿಲ್ಲ. ತೆಳ್ಳಗಿನ ಅಂಬಲಿಯಾಗಿ, ಸಣ್ಣ ದೋಸೆಯಾಗಿ ಸೇವಿಸಲಿ. ಯಾವುದೇ ಪದಾರ್ಥವಾಗಲಿ, ಉದ್ದಿನಕಾಳಿನಷ್ಟು ನುಣ್ಣಗಾಗುವವರೆಗೆ ಅಗಿದು, ಒಂದು ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷಗಳನ್ನು ಕೊಡಬೇಕು. ಊಟದ ನಡುವೆ ನೀರು ಕುಡಿಯಬಾರದು. ಉಂಡು ಅರ್ಧ ಗಂಟೆಯಾದ ಮೇಲೆ ಕುಡಿಯಬೇಕು.

ಸಿಹಿ, ಜಿಡ್ಡು, ನೀರು

ಬೈಪಾಸ್ ಆದವರು ಪಾಯಸವನ್ನೋ ಜಿಲೇಬಿಯನ್ನೋ ತಿಂದ ಕಾಲು ಗಂಟೆ ಅರ್ಧ ಗಂಟೆಯಲ್ಲಿ ಎದೆ ಬಡಿದುಕೊಂಡು, ಬೆವರಿ, ಹೊಟ್ಟೆ ನುಲಿದು, ಭೇದಿಯಾಗುವುದುಂಟು. ಸಕ್ಕರೆಯು ಜಠರದಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಧುಮುಕಿ, ಅಲ್ಲಿಗೆ ನೀರನ್ನು ಸೆಳೆದುಕೊಳ್ಳುವುದೇ ಇದಕ್ಕೆ ಕಾರಣ. ಇದಕ್ಕೆ ಡಂಪಿಂಗ್ ಎಂದು ಹೆಸರು. ಇನ್ನೊಂದು ಬಗೆಯದು ಉಂಡ ಒಂದರಿಂದ ಮೂರು ಗಂಟೆಗಳ ಮೇಲೆ ಬರುತ್ತದೆ. ರಕ್ತದಲ್ಲಿ ಸಕ್ಕರೆಯು ತಟ್ಟನೆ ಏರಿ, ಅದನ್ನು ತಗ್ಗಿಸಲು ಇನ್ಸುಲಿನ್ ಅತಿಯಾಗಿ ಸುರಿದು, ಕಡೆಗೆ ಸಕ್ಕರೆಯು ಬೇಕಾದುದಕ್ಕಿಂತ ಕೆಳಗೆ ಇಳಿಯುತ್ತದೆ. ಕೈ ನಡುಗಿ ಕಣ್ಣು ಕತ್ತಲೆ ಬರುತ್ತದೆ. ಆ ಹೊತ್ತಿಗೆ ಸ್ವಲ್ಪ ಸಕ್ಕರೆ ಕೊಟ್ಟು ಕಾಪಾಡಬೇಕಾದರೂ, ಅದು ಮರುಕಳಿಸದಂತೆ ಮಾಡುವ ದಾರಿಯು ಸಿಹಿಯನ್ನೂ ಬಿಳಿಯ ಅನ್ನವನ್ನೂ ತಗ್ಗಿಸಿ ಪ್ರೋಟೀನನ್ನು ಹೆಚ್ಚಿಸುವುದೇ ಆಗಿದೆ. ಬೆಲ್ಲವಾದರೆ ಚಿಂತೆಯಿಲ್ಲವೆಂಬುದು ತಪ್ಪು. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೂ ಒಂದೇ.

ಡ್ಯುಯೋಡಿನಲ್ ಸ್ವಿಚ್ ಆದವರಿಗೆ ಜಠರದ ಕೆಳಬಾಗಿಲು ಹಾಗೆಯೇ ಉಳಿದಿರುವುದರಿಂದ ಡಂಪಿಂಗಿನ ಕಾಟ ಕಡಿಮೆ. ಅವರನ್ನು ಕಾಡುವುದು ಜಿಡ್ಡು. ಪಚನವಾಗದ ಜಿಡ್ಡು ಮಲದೊಡನೆ ಹೊರಡುವುದರಿಂದ ಮಲವು ಸಡಿಲವಾಗಿ, ಎಣ್ಣೆಯಂತೆ ತೇಲಿ, ಸಹಿಸಲಾಗದ ದುರ್ವಾಸನೆಯಿಂದ ಕೂಡಿರುತ್ತದೆ. ವಾಯುವಿನ ಉಪದ್ರವವೂ ಉಂಟು. ಬೋಂಡ, ಪೂರಿ, ಕರಿದ ಹಪ್ಪಳ ಇವು ತಿಂದ ಮರುದಿನವೇ ತಮ್ಮ ಕಥೆಯನ್ನು ಹೇಳುತ್ತವೆ. ಕರಿದುದನ್ನು ಬಿಟ್ಟು, ಒಗ್ಗರಣೆಯ ಎಣ್ಣೆಯನ್ನು ಚಮಚೆಯಿಂದ ಅಳೆದು ಹಾಕಿದರೆ ಬಹಳ ಮಟ್ಟಿಗೆ ಸುಖವಾಗುತ್ತದೆ. ಇಷ್ಟಾದರೂ ನಿಲ್ಲದೆ ದಿನಕ್ಕೆ ಹಲವು ಸಲ ಭೇದಿಯಾದರೆ ಕರುಳಿನಲ್ಲಿ ಅಣುಜೀವಿಗಳು ಮಿತಿಮೀರಿ ಬೆಳೆದಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ನಾಚಿಕೆಯಿಂದ ವೈದ್ಯರಿಗೆ ತಿಳಿಸದೆ, ಹೊರಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕೂರುವವರಿಗೆ ನಾವು ಹೇಳುವುದೇನೆಂದರೆ, ಇದು ನಡತೆಯ ದೋಷವಲ್ಲ, ಕರುಳಿನ ಕೆಲಸ, ಹೇಳಿಕೊಳ್ಳಲು ಸಂಕೋಚಪಡಬೇಕಾದುದಿಲ್ಲ.

ಇದೇ ಜಿಡ್ಡಿನಿಂದ ಮೂತ್ರಪಿಂಡಕ್ಕೂ ಒಂದು ತೊಂದರೆಯಿದೆ. ಸೊಪ್ಪು ಮೊದಲಾದುವುಗಳಲ್ಲಿರುವ ಆಕ್ಸಲೇಟ್ ಎಂಬ ದ್ರವ್ಯವು ಸಾಮಾನ್ಯವಾಗಿ ಕರುಳಿನಲ್ಲಿ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಮಲದಲ್ಲಿ ಹೋಗುತ್ತದೆ. ಪಚನವಾಗದ ಜಿಡ್ಡು ಆ ಕ್ಯಾಲ್ಸಿಯಮ್ಮನ್ನು ತಾನು ಹಿಡಿದುಕೊಂಡರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಆದುದರಿಂದ ಜಿಡ್ಡು ಕಡಿಮೆ, ನೀರು ಧಾರಾಳ, ಕ್ಯಾಲ್ಸಿಯಂ ಊಟದ ಜೊತೆಗೆ, ಪಾಲಕ್ ಸೊಪ್ಪು ಬಾದಾಮಿಗಳು ಮಿತವಾಗಿ ಎಂಬ ನಾಲ್ಕನ್ನು ನೆನಪಿಡಬೇಕು.

ಗುಳಿಗೆಗಳ ಲೆಕ್ಕ

ಅಮೆರಿಕದ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘವು ೨೦೧೬ರಲ್ಲಿ ಪರಿಷ್ಕರಿಸಿದ ಸೂಚನೆಗಳು ಈ ವಿಷಯದಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಅವುಗಳ ಪ್ರಕಾರ ಕ್ಯಾಲ್ಸಿಯಂ ಬೈಪಾಸ್ ಆದವರಿಗೆ ದಿನಕ್ಕೆ ೧೨೦೦ರಿಂದ ೧೫೦೦ ಮಿಲಿಗ್ರಾಂ, ಡ್ಯುಯೋಡಿನಲ್ ಸ್ವಿಚ್ ಆದವರಿಗೆ ೧೮೦೦ರಿಂದ ೨೪೦೦ ಮಿಲಿಗ್ರಾಂ. ಡಿ ಜೀವಸತ್ವವು ೩೦೦೦ ಯೂನಿಟ್ಟಿನಿಂದ ಆರಂಭಿಸಿ ರಕ್ತಪರೀಕ್ಷೆಗೆ ತಕ್ಕಂತೆ. ಬಿ-೧೨ ಬಾಯಿಂದಾದರೆ ದಿನಕ್ಕೆ ೩೫೦ರಿಂದ ೧೦೦೦ ಮೈಕ್ರೋಗ್ರಾಂ, ಇಲ್ಲವೆ ತಿಂಗಳಿಗೊಮ್ಮೆ ಚುಚ್ಚುಮದ್ದು. ಕಬ್ಬಿಣವು ಮುಟ್ಟಾಗುವ ವಯಸ್ಸಿನ ಸ್ತ್ರೀಯರಿಗೆ ೪೫ರಿಂದ ೬೦ ಮಿಲಿಗ್ರಾಂ. ಡ್ಯುಯೋಡಿನಲ್ ಸ್ವಿಚ್ ಆದವರಿಗೆ ಎ ಜೀವಸತ್ವ ೧೦,೦೦೦ ಯೂನಿಟ್ಟು, ಕೆ ಜೀವಸತ್ವ ೩೦೦ ಮೈಕ್ರೋಗ್ರಾಂ ಪ್ರತ್ಯೇಕವಾಗಿ ಬೇಕು. ಈ ಅಂಕಗಳನ್ನು ನಾವು ಕೊಟ್ಟುದು ವಾಚಕರು ತಾವಾಗಿ ಅಂಗಡಿಯಿಂದ ಕೊಂಡು ನುಂಗಲೆಂದಲ್ಲ. ಸಾಧಾರಣ ಜನರು ಕೊಳ್ಳುವ ಒಂದು ಜೀವಸತ್ವದ ಗುಳಿಗೆಯಿಂದ ಇವರ ಕೊರತೆ ತುಂಬುವುದಿಲ್ಲವೆಂದು ತಿಳಿಯಲೆಂದು. ಅವರವರ ಪ್ರಮಾಣವನ್ನು ಅವರವರ ವೈದ್ಯರೇ ನಿಶ್ಚಯಿಸಬೇಕು.

ಕ್ಯಾಲ್ಸಿಯಮ್ಮನ್ನು ಒಂದೇ ಸಲಕ್ಕೆ ತೆಗೆದುಕೊಂಡರೆ ಮೈಗೆ ಹತ್ತದು. ಒಂದು ಸಲಕ್ಕೆ ೫೦೦ರಿಂದ ೬೦೦ ಮಿಲಿಗ್ರಾಮಿನಂತೆ ಹಂಚಬೇಕು. ಜಠರದ ಆಮ್ಲವು ಕಡಿಮೆಯಾಗಿರುವುದರಿಂದ ಕಾರ್ಬೊನೇಟಿಗಿಂತ ಸಿಟ್ರೇಟ್ ರೂಪದ್ದು ಮೇಲು. ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ಕೊಡಬಾರದು. ನಡುವೆ ಎರಡು ಗಂಟೆಯಾದರೂ ಇರಲಿ. ಕಬ್ಬಿಣದ ಗುಳಿಗೆಯನ್ನು ಕಾಫಿ ಚಹಗಳೊಡನೆ ನುಂಗಿದರೆ ಅದು ನಷ್ಟವಾದಂತೆಯೇ. ನಿಂಬೆಯ ಪಾನಕದೊಡನೆ ಆದರೆ ಲಾಭ, ಸಕ್ಕರೆ ಮಾತ್ರ ಬೇಡ. ಬಿ-೧೨ ಜೀವಸತ್ವವು ಧಾನ್ಯ ತರಕಾರಿಗಳಲ್ಲಿ ಇಲ್ಲವೇ ಇಲ್ಲವೆಂಬುದನ್ನು ಶಾಕಾಹಾರಿಗಳು ವಿಶೇಷವಾಗಿ ಗಮನಿಸಬೇಕು. ಹಾಲು ಮೊಸರುಗಳಿಂದ ದೊರೆಯುವ ಸ್ವಲ್ಪವೂ ಇವರಲ್ಲಿ ಪೂರ್ತಿಯಾಗಿ ಹತ್ತುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಅವರ ಕಣಜವು ಅರೆಬರೆಯಾಗಿರುವುದುಂಟು.

ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ತಂದು ನುಂಗುವ ಅಭ್ಯಾಸವನ್ನು ಬೈಪಾಸ್ ಆದವರು ಸಂಪೂರ್ಣವಾಗಿ ಬಿಡಬೇಕು. ಜಠರವನ್ನೂ ಕರುಳನ್ನೂ ಕೂಡಿಸಿದ ಜಾಗದಲ್ಲಿ ಇವುಗಳಿಂದ ಹುಣ್ಣಾಗುತ್ತದೆ. ಹೊಗೆಸೊಪ್ಪು, ಬೀಡಿ ಸಿಗರೇಟುಗಳಿಂದಲೂ ಇದೇ ಅಪಾಯ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಮದ್ಯವು ಇವರ ರಕ್ತಕ್ಕೆ ಬೇಗನೆ ಏರುತ್ತದೆ. ಮೊದಲು ಸಹಿಸುತ್ತಿದ್ದ ಪ್ರಮಾಣವೇ ಈಗ ಅಮಲೇರಿಸುತ್ತದೆ.

ತಡಮಾಡಬಾರದ ನೋವು

ವಾಯು, ಉಬ್ಬರ ಇವು ಬಂದು ಹೋಗುವುವು. ಆದರೆ ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದ ಮೇಲೂ ಉಂಡೊಡನೆ ಹೊಟ್ಟೆಯಲ್ಲಿ ತೀವ್ರವಾಗಿ ಹಿಂಡಿದಂತಾಗುವ ನೋವು ಬಂದರೆ ಅದನ್ನು ವಾಯುವೆಂದು ಓಮದ ಕಷಾಯ ಕುಡಿಸಿ ಕೂರಬಾರದು. ಮೈ ಇಳಿದಾಗ ಕರುಳಿನ ಸುತ್ತಣ ಕೊಬ್ಬು ಕರಗಿ, ಹೊಲಿಗೆಯ ಸಂದುಗಳು ಅಗಲವಾಗಿ, ಕರುಳಿನ ಸುರುಳಿಯು ಅದರೊಳಗೆ ನುಸುಳಿ ಸಿಕ್ಕಿಕೊಳ್ಳುವುದುಂಟು. ಇದಕ್ಕೆ ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕು. ಗಂಟೆಗಳ ವಿಳಂಬವೂ ಕರುಳನ್ನು ಕೊಳೆಸಬಹುದು. ಬಲಪಕ್ಕೆಯ ಕೆಳಗಿನ ನೋವಾದರೆ ಪಿತ್ತಕೋಶದ ಕಲ್ಲಿರಬಹುದು. ಮೈ ಬೇಗನೆ ಇಳಿಯುವವರಲ್ಲಿ ಅದು ಹೆಚ್ಚು.

ಸ್ತ್ರೀಯರಿಗೆ

ಮೈ ಇಳಿದ ಮೇಲೆ ಮುಟ್ಟು ಕ್ರಮಕ್ಕೆ ಬಂದು, ಹಿಂದೆ ಬಸಿರಾಗದಿದ್ದವರು ಬಸಿರಾಗುವುದುಂಟು. ಆದರೆ ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು ಬಸಿರನ್ನು ಮುಂದೂಡಬೇಕೆಂದು ವೈದ್ಯರ ಅಭಿಪ್ರಾಯ. ತಾಯಿಗೇ ಸಾಲದ ಕಾಲದಲ್ಲಿ ಶಿಶುವಿಗೆ ಎಲ್ಲಿಂದ ಬಂದೀತು? ನುಂಗುವ ಸಂತಾನನಿಯಂತ್ರಣದ ಗುಳಿಗೆಯು ಇವರಲ್ಲಿ ಸರಿಯಾಗಿ ಹತ್ತದೆ ಹೋಗಬಹುದಾದ್ದರಿಂದ ಬೇರೆ ಉಪಾಯವನ್ನು ಕೇಳಿಕೊಳ್ಳಬೇಕು. ಬಸಿರಾದವರು ಎ ಜೀವಸತ್ವದ ರೂಪವನ್ನೂ ಪ್ರಮಾಣವನ್ನೂ ವೈದ್ಯರಿಗೆ ತೋರಿಸಿ ಬದಲಾಯಿಸಿಕೊಳ್ಳಬೇಕು. ಅದರ ಒಂದು ರೂಪವು ಅತಿಯಾದರೆ ಶಿಶುವಿಗೆ ಹಾನಿಯುಂಟು. ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆಯ ಪರೀಕ್ಷೆಯಿಂದ ಬೈಪಾಸ್ ಆದವರಿಗೆ ಡಂಪಿಂಗ್ ಆಗಬಹುದು. ಅದನ್ನು ಮೊದಲೇ ತಿಳಿಸಿದರೆ ಬೇರೆ ರೀತಿಯಿಂದ ಪರೀಕ್ಷಿಸುತ್ತಾರೆ.

ಮನೆಯವರ ಹೊಣೆ

ನಮ್ಮಲ್ಲಿ ಪ್ರೀತಿಯನ್ನು ತೋರಿಸುವುದು ಬಡಿಸುವುದರಿಂದ. ಬೀಗರ ಮನೆಯಲ್ಲಿ ‘ಇನ್ನೊಂದೇ ಒಂದು ಹೋಳಿಗೆ’ ಎಂದು ಎಲೆಗೆ ಹಾಕಿಯೇ ಬಿಡುತ್ತಾರೆ. ಎಲೆಯಲ್ಲಿ ಬಿಟ್ಟೇಳುವುದು ತಪ್ಪೆಂದು ಉಂಡವರು ಕಷ್ಟಪಟ್ಟು ನುಂಗುತ್ತಾರೆ. ಇಂಥವರ ಎಲೆಗೆ ಚಮಚೆಯಷ್ಟೇ ಬಡಿಸಿ, ಬೇಕೆಂದು ಕೇಳಿದರೆ ಮಾತ್ರ ಮತ್ತೆ ಬಡಿಸುವುದು ಸರಿಯಾದ ಉಪಚಾರ. ‘ಗುಬ್ಬಿಯಂತೆ ತಿನ್ನುತ್ತಾಳೆ, ಸೊರಗಿಹೋದಳು’ ಎಂದು ಅತ್ತೆಯವರು ಮರುಗುವುದೂ, ‘ಮತ್ತೆ ಊದಿಕೊಳ್ಳುತ್ತಾನೆ’ ಎಂದು ಅಣ್ಣತಮ್ಮಂದಿರು ಹಾಸ್ಯಮಾಡುವುದೂ ಸಮನಾಗಿ ನೋಯಿಸುತ್ತವೆ. ನೀರನ್ನೂ ಬಿಡುವ ಉಪವಾಸವು ಇವರಿಗೆ ಸಲ್ಲದು. ಏಕಾದಶಿಯಾಗಲಿ ರಂಜಾನಿನ ಉಪವಾಸವಾಗಲಿ, ವೈದ್ಯರನ್ನು ಕೇಳದೆ ಹಿಡಿಯಬಾರದು. ದೇಹದ ಕಾರಣದಿಂದ ವ್ರತವನ್ನು ಬಿಡುವುದರಲ್ಲಿ ದೋಷವಿಲ್ಲವೆಂದು ಹಿರಿಯರು ತಾವೇ ಮುಂದಾಗಿ ಹೇಳಿದರೆ ಕಿರಿಯರಿಗೆ ಧೈರ್ಯವಾಗುತ್ತದೆ.

ಕಡೆಯದಾಗಿ ಒಂದು ಚೀಟಿಯ ವಿಷಯ. ಆದ ಶಸ್ತ್ರಚಿಕಿತ್ಸೆಯ ಹೆಸರು, ಅದು ಆದ ದಿನಾಂಕ, ಉಳಿದಿರುವ ಕೂಡುಹಾದಿಯ ಉದ್ದ, ತೆಗೆದುಕೊಳ್ಳುತ್ತಿರುವ ಗುಳಿಗೆಗಳು, ಕೂಡದ ಔಷಧಿಗಳು ಇವನ್ನು ಒಂದು ಗಟ್ಟಿ ಕಾಗದದ ಮೇಲೆ ಬರೆಸಿ ಒಂದನ್ನು ಚೀಲದಲ್ಲಿಯೂ ಒಂದನ್ನು ಮನೆಯ ಪಂಚಾಂಗದ ಪಕ್ಕದಲ್ಲಿಯೂ ಇಡಲಿ. ಅದರ ಹಿಂಬದಿಯಲ್ಲಿ ರಕ್ತಪರೀಕ್ಷೆಯ ತಾರೀಖುಗಳನ್ನು ಬರೆಯಲಿ: ಮೊದಲ ವರ್ಷದಲ್ಲಿ ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳುಗಳು, ಆಮೇಲೆ ವರ್ಷಕ್ಕೊಮ್ಮೆ, ಬದುಕಿರುವಷ್ಟು ಕಾಲವೂ. ಯುಗಾದಿಗೆ ಹೊಸ ಪಂಚಾಂಗವನ್ನು ತರುವ ದಿನ ಈ ಚೀಟಿಯನ್ನೂ ತೆಗೆದು ನೋಡುವ ರೂಢಿಯಾದರೆ ಮರೆವಿಗೆ ಅವಕಾಶವಿರದು. ಮೈ ಹಗುರಾದುದು ಶಸ್ತ್ರವೈದ್ಯರ ಕೈಗುಣದಿಂದ. ಆ ಹಗುರಾದ ಮೈಯಲ್ಲಿ ಕಸುವು ನಿಲ್ಲುವುದು ಮನೆಯವರ ನಿತ್ಯದ ಎಚ್ಚರದಿಂದ. ಇಷ್ಟನ್ನು ನಮ್ಮ ವಾಚಕರು ಮನಸ್ಸಿಗೆ ತಂದುಕೊಂಡು, ತಮ್ಮ ಪರಿಚಯದವರಲ್ಲಿ ಇಂಥವರಿದ್ದರೆ ಅವರಿಗೂ ಓದಿ ಹೇಳಬೇಕಾಗಿ ಕೋರುತ್ತೇವೆ.